ಆಕಾಶದಿಂದ ಇಳಿದವನ ಮಗ

ಕುಶಾಲನಗರದಿಂದ ಹಾರಂಗಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಹಿಂಬದಿಯ ಎರಡು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟಿದ್ದೇವೆ. ಬರುವವರು ಹೆಚ್ಚಾಗಿ ಸಂಸಾರಸ್ಥರು. ಅಣೆಕಟ್ಟು ನೋಡಿ, ಮಕ್ಕಳ ಫೋಟೋ ತೆಗೆದು, ಭಾನುವಾರ ಊಟ ಮುಗಿಸಿ ಹೊರಟುಬಿಡುತ್ತಾರೆ. ಕಳೆದ ವರ್ಷ ಕಾಫಿ ಹೂವಾಗುವ ಸಮಯಕ್ಕೆ ಬಂದ ಜರ್ಮನಿಯ ಅತಿಥಿ ಹಾಗಿರಲಿಲ್ಲ. ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಮೂರು ವಾರಕ್ಕೆ ಕೋಣೆ ಹಿಡಿದರು, ಅಣೆಕಟ್ಟಿನ ಕಡೆ ಒಂದು ದಿನವೂ ಹೋಗಲಿಲ್ಲ. ಮೊದಲ ಸಂಜೆ ಕಾಫಿ ಕೊಡುವಾಗ ಅವರು ಕೇಳಿದ್ದು, ಎರಡನೇ ಮಹಾಯುದ್ಧಕ್ಕೆ ಹೋಗಿಬಂದವರ ಮನೆಗಳು ಈ ಕಡೆ ಎಲ್ಲಿವೆ ಎಂದು.

ನನ್ನ ಯಜಮಾನರಿಗೆ ಅದು ಹಿಡಿಸಲಿಲ್ಲ. ಹಳೇ ಪದಕಗಳನ್ನು ಮನೆ ಮನೆಯಿಂದ ಕೊಂಡು ಹೊರದೇಶದಲ್ಲಿ ಮಾರುವವರು ಇರುತ್ತಾರೆ, ನೀನು ಯಾರ ಹೆಸರನ್ನೂ ಹೇಳಬೇಡ ಎಂದರು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ನನಗೆ ಪದಕಕ್ಕಿಂತ ಆ ಮನುಷ್ಯನ ನಗುವಿನ ಮೇಲೇ ಅನುಮಾನ. ಏನು ಕೇಳಿದರೂ ಮೊದಲು ನಗುತ್ತಿದ್ದರು, ಆಮೇಲೆ ಉತ್ತರ.

ಎರಡು ಮೂರು ದಿನ ಕಳೆದ ಮೇಲೆ ಜಗಲಿಯಲ್ಲಿ ಕೂತು ಅವರೇ ಬಾಯಿ ಬಿಟ್ಟರು. ಅವರ ತಂದೆ ಆ ಯುದ್ಧದಲ್ಲಿ ಫೈಟರ್ ಪೈಲಟ್. ರೈಲ್ವೆ ನೌಕರನ ಮಗ. ಹದಿಹರೆಯದಲ್ಲೇ ಇಂಜಿನ್ ಇಲ್ಲದ ಗ್ಲೈಡರ್ ಹಾರಿಸಲು ಕಲಿತವನು. ಮುಂದೆ ಸರ್ಕಾರವೇ ಕರೆದು ಯುದ್ಧವಿಮಾನ ಕೊಟ್ಟಿತು. ಮೊದಲು ಫ್ರಾನ್ಸ್, ಆಮೇಲೆ ಆಫ್ರಿಕಾದ ಮರುಭೂಮಿ. ಮೊಬೈಲಿನಲ್ಲಿ ಒಂದು ಹಳೇ ಫೋಟೋ ತೋರಿಸಿದರು. ಚಡ್ಡಿ ಹಾಕಿದ ತೆಳ್ಳನೆಯ ಹುಡುಗ ವಿಮಾನದ ಬಾಲಕ್ಕೆ ಒರಗಿ ನಿಂತಿದ್ದ. ಬಾಲದ ಮೇಲೆ ಸಾಲಾಗಿ ಬಿಳಿ ಗೆರೆಗಳು. ಉರುಳಿಸಿದ ಒಂದೊಂದು ವಿಮಾನಕ್ಕೂ ಒಂದೊಂದು ಗೆರೆಯಂತೆ. ಕೊನೆಗೊಂದು ದಿನ ಅವನ ವಿಮಾನಕ್ಕೂ ಗುಂಡು ತಗುಲಿ, ಪ್ಯಾರಾಚೂಟಿನಲ್ಲಿ ಇಳಿದು ಬ್ರಿಟಿಷರ ಕೈಗೆ ಸಿಕ್ಕ. ವರ್ಷಗಟ್ಟಲೆ ಸೆರೆಯಲ್ಲಿದ್ದು ಊರಿಗೆ ಹೋದರೆ, ಸೋತ ದೇಶದಲ್ಲಿ ಹಾರಾಟಕ್ಕೇ ನಿಷೇಧ. ಟ್ರಾಕ್ಟರ್ ರಿಪೇರಿ ಮಾಡಿಕೊಂಡು ಬದುಕಿದ. ನಿಷೇಧ ತೆಗೆದ ಮೇಲೆ ಹೊಸ ವಾಯುಸೇನೆಯವರು ಕರೆದರು, ಹೋಗಲಿಲ್ಲ. ಭಾನುವಾರಗಳಲ್ಲಿ ಊರ ಹುಡುಗರಿಗೆ ಗ್ಲೈಡರ್ ಕಲಿಸುತ್ತ ಮುದುಕನಾಗಿ ಸತ್ತ.

“ಮರಳಿನಲ್ಲಿ ಬಿದ್ದಿದ್ದಾಗ ಅಪ್ಪನಿಗೆ ಒಬ್ಬ ಭಾರತೀಯ ಸೈನಿಕ ನೀರು ಕುಡಿಸಿದ. ಕೈ ಸುಟ್ಟಿತ್ತು, ಬಾಟಲಿ ಹಿಡಿಯಲು ಆಗುತ್ತಿರಲಿಲ್ಲ. ‘ಎಲ್ಲಿಯವನು ನೀನು’ ಎಂದು ಕೇಳಿದರೆ ‘ಕೂರ್ಗ್’ ಅಂದನಂತೆ,” ಎಂದರು. ಆ ಸೈನಿಕನ ಮನೆಯವರನ್ನು ಹುಡುಕಿಕೊಂಡು ಬಂದಿದ್ದರು.

ಅವರ ತಂದೆ ನೆಲದ ಮೇಲಿನ ಲಾರಿಗಳಿಗೂ ಗುಂಡು ಹಾರಿಸಿದ್ದರೇ ಎಂದು ಕೇಳಿದೆ. ಅವತ್ತು ಮಾತ್ರ ನಗದೆ ಉತ್ತರ ಬಂತು. ಇಲ್ಲ, ಆಕಾಶದಲ್ಲಿ ಮಾತ್ರ, ಸಮಾನರ ಜೊತೆ ಮಾತ್ರ. ಬಾಯಿಪಾಠ ಒಪ್ಪಿಸಿದ ಹಾಗಿತ್ತು.

ನನ್ನ ಹಾಸ್ಟೆಲ್ ಗೆಳತಿಯ ತಾಯಿ ಗೋಣಿಕೊಪ್ಪಲಿನ ಹತ್ತಿರ ಇದ್ದಾರೆ. ಎಂಬತ್ತರ ಆಸುಪಾಸಿನ ಕೊಡವ ಹೆಂಗಸು, ಈಗಲೂ ಮೆಣಸಿನ ಬಳ್ಳಿಗಳನ್ನು ತಾವೇ ನಿಂತು ನೋಡಿಕೊಳ್ಳುತ್ತಾರೆ. ಅವರ ತಂದೆ ಅದೇ ಮರುಭೂಮಿಯಲ್ಲಿ ಸೇನೆಯ ಲಾರಿ ಓಡಿಸಿದವರು. ಫೋನ್ ಮಾಡಿದೆ. ಕರೆದುಕೊಂಡು ಬಾ, ಮುಖ ನೋಡುವ ಎಂದರು.

ಕಾರಿನಲ್ಲಿ ಹೋಗುವಾಗ ಅತಿಥಿ ಉತ್ಸಾಹದಿಂದ ಕತೆಯನ್ನು ಇನ್ನೊಮ್ಮೆ ಹೇಳಿದರು. ಈ ಸಲ ಅವರ ತಂದೆ ಬಾಟಲಿಯನ್ನು ಎರಡೂ ಕೈಯಲ್ಲಿ ಕಿತ್ತುಕೊಂಡು ಗಟಗಟ ಕುಡಿದ. ನಾನು ಗೇರ್ ಬದಲಿಸಿ ಮುಂದೆ ಓಡಿಸಿದೆ.

ಗೆಳತಿಯ ಅಮ್ಮ ನಡುಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಗೋಡೆಯ ಮೇಲೆ ಅವರ ತಂದೆಯ ಸಮವಸ್ತ್ರದ ಫೋಟೋ. ಅತಿಥಿ ಮೊಬೈಲ್ ಎತ್ತಿದ ಕೂಡಲೇ, ಫೋಟೋ ತೆಗೆಯೋದು ಬೇಡ ಹೇಳು ಎಂದರು ಅಮ್ಮ. ನೀರಿನ ಕತೆಯನ್ನು ನಾನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಅಮ್ಮ ನನ್ನ ಕಡೆ ತಿರುಗಿದರು.

“ನನ್ನ ಅಪ್ಪ ಯಾರಿಗೂ ನೀರು ಕೊಟ್ಟ ಕತೆ ಹೇಳ್ಲಿಲ್ಲ. ವಿಮಾನ ಬಂದ ಕತೆ ಹೇಳ್ತಿದ್ರು. ಇವರ ಅಪ್ಪ ಲಾರಿಗೆ ಗುಂಡು ಹೊಡೆದಿದ್ರಾ ಕೇಳು.”

ಕೇಳಿದೆ. ಜಗಲಿಯ ಮೇಲೆ ಇಲ್ಲ ಎಂದಿದ್ದವರು ಇಲ್ಲಿ ಗೊತ್ತಿಲ್ಲ ಎಂದರು. ಅಮ್ಮ ಎದ್ದು ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ವಾಪಸ್ ಬರುವಾಗ ರಸ್ತೆ ಬದಿ ಕಾರು ನಿಲ್ಲಿಸಿ ಕೇಳಿಯೇಬಿಟ್ಟೆ. ಸುಟ್ಟ ಕೈಯಲ್ಲಿ ಬಾಟಲಿ ಕಿತ್ತುಕೊಂಡದ್ದು ಹೇಗೆ? ಅವರು ಹೊರಗಿನ ತೋಟದ ಕಡೆ ನೋಡುತ್ತ ಹೇಳಿದರು. ತಂದೆ ಹೇಳಿದ್ದು ಒಬ್ಬ ಭಾರತೀಯ ನೀರು ಕೊಟ್ಟ ಎಂದಷ್ಟೇ. ಕೂರ್ಗ್ ಎಂಬ ಮಾತು ಅವರೇ ಸೇರಿಸಿಕೊಂಡದ್ದು. ಸೈನಿಕರಿಗೆ ಹೆಸರಾದ ಸೀಮೆ ಎಂದು ಎಲ್ಲೋ ಓದಿದ್ದರಂತೆ. ಹೇಳುತ್ತಾ ಹೇಳುತ್ತಾ ತನಗೇ ನಿಜ ಅನ್ನಿಸಿಬಿಟ್ಟಿತು ಎಂದರು. ಮನೆ ಸೇರಿದ ಮೇಲೆ ನನ್ನ ಯಜಮಾನರು, ನಾನು ಮೊದಲೇ ಹೇಳಿರಲಿಲ್ಲವೇ ಎಂಬಂತೆ ನೋಡಿದರು. ಅವತ್ತು ಅತಿಥಿ ಊಟಕ್ಕೆ ಬರಲಿಲ್ಲ.

ಎರಡು ದಿನ ಬಿಟ್ಟು ಅಮ್ಮನ ಫೋನ್. ಆ ಜರ್ಮನ್ ಹೋದ್ರಾ ಎಂದು ವಿಚಾರಿಸಿದರು. ಇದ್ದಾರೆ ಎಂದೆ, ಕಾರಿನಲ್ಲಿ ಅವರು ಒಪ್ಪಿಕೊಂಡದ್ದನ್ನೂ ತಿಳಿಸಿದೆ. ಸುಳ್ಳು ಒಪ್ಪಿಕೊಂಡ ಮೇಲೆ ಕೇಳಿಸಿಕೊಳ್ಳೋಕೂ ಆಗ್ತದೆ, ಇನ್ನೊಮ್ಮೆ ಕರೆದುಕೊಂಡು ಬಾ ಎಂದರು.

ಈ ಸಲ ಅಮ್ಮನೇ ಮಾತಾಡಿದರು, ನಾನು ವಾಕ್ಯ ವಾಕ್ಯವಾಗಿ ಇಂಗ್ಲಿಷಿಗೆ ತಂದೆ. ಲಾರಿಗಳ ಸಾಲು ಹೋಗುತ್ತಿತ್ತು. ಸೂರ್ಯನಿದ್ದ ಕಡೆಯಿಂದ ಎರಡು ವಿಮಾನ ಬಂದವು, ಸದ್ದು ಕೇಳಿಸುವಷ್ಟರಲ್ಲಿ ತಲೆಯ ಮೇಲೇ ಇದ್ದವು. ಅಮ್ಮನ ತಂದೆ ಲಾರಿಯಿಂದ ಹಾರಿ ಚಕ್ರದ ಕೆಳಗೆ ನುಸುಳಿದರು. ಪಕ್ಕದ ಸೀಟಿನಲ್ಲಿದ್ದವನು ಇದೇ ಊರಿನವನು, ಅವರ ಸೋದರಮಾವನ ಮಗ. ಅವನಿಗೆ ಬಾಗಿಲು ತೆಗೆಯಲು ಆಗಲಿಲ್ಲ. ವಿಮಾನಗಳು ಹೋದ ಹಾಗೆ ಮಾಡಿ ತಿರುಗಿ ಬಂದು ಇನ್ನೊಮ್ಮೆ ಹೊಡೆದವು. ಊರಿಗೆ ಬಂದ ಮೇಲೆ ತಂದೆ ಆ ಹುಡುಗನ ತಾಯಿಗೆ, ಒಂದೇ ಗುಂಡು, ನೋವಾಗಲಿಲ್ಲ ಎಂದು ಹೇಳಿದರು. ನಿಜ ಹೇಳಿದ್ದು ಮಗಳಿಗೆ ಮಾತ್ರ, ಅದೂ ಸಾಯುವ ವರ್ಷ.

“ಆ ವಿಮಾನ ಇವರ ಅಪ್ಪಂದೇ ಅಂತ ನಾನು ಹೇಳಲ್ಲ,” ಎಂದರು ಅಮ್ಮ. “ಅಲ್ಲ ಅಂತ ಹೇಳೋಕೆ ಇವರಿಗೂ ಆಗಲ್ಲ.”

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅತಿಥಿ ಈ ಸಲ ನಗಲಿಲ್ಲ. ಕೊನೆಗೆ, ತಂದೆ ಒಮ್ಮೆ ಕುಡಿದಿದ್ದಾಗ ಹೇಳಿದ ಮಾತೊಂದಿದೆ ಎಂದರು.

“ಮೇಲಿನಿಂದ ನೋಡಿದರೆ ಲಾರಿಗಳು ಆಟದ ಸಾಮಾನಿನ ಹಾಗೆ ಕಾಣುತ್ತವೆ, ಮನುಷ್ಯರು ಕಾಣುವುದಿಲ್ಲ, ಅಂದಿದ್ದರು. ಲಾರಿಗಳು ಕಾಣುವಷ್ಟು ಕೆಳಗೆ ಯಾಕೆ ಹೋಗಿದ್ದಿರಿ ಅಂತ ನಾನು ಕೇಳಲಿಲ್ಲ.”

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ತಲೆಯಾಡಿಸಿದರು. ಕ್ಷಮಿಸಿದ್ದಕ್ಕೋ, ತಾವು ಅಂದುಕೊಂಡದ್ದೇ ಸರಿಯಾಯಿತು ಎಂದೋ, ನನಗೆ ತಿಳಿಯಲಿಲ್ಲ. ನಾವು ಹೊರಡುವ ಮುಂಚೆ ಅತಿಥಿಗೆ ಊಟ ಹಾಕಿದರು, ಎರಡನೇ ಸಲ ಕೇಳಿ ಬಡಿಸಿದರು.

ಅತಿಥಿ ಅವಧಿ ಮುಗಿಯುವ ಮೊದಲೇ ಹೊರಟರು. ನೀರಿನ ಕತೆ ಕೇಳುತ್ತಲೇ ಬೆಳೆದ ತಂಗಿಯೊಬ್ಬಳು ಅವರಿಗಿದ್ದಾಳಂತೆ. ಅವಳಿಗೆ ಅವರು ಲಾರಿಯ ಕತೆಯನ್ನೂ ಹೇಳಿದರಂತೆ. ಅಪ್ಪನ ಹೆಸರು ಕೆಡಿಸಲು ಅಷ್ಟು ದೂರ ಹೋಗಬೇಕಿತ್ತೇ ಎಂದು ಕೇಳಿ ಮಾತು ಬಿಟ್ಟಿದ್ದಾಳೆ ಎಂದು ಮಳೆಗಾಲದಲ್ಲಿ ಫೋನ್ ಮಾಡಿ ಹೇಳಿದರು. ಆ ತಂಗಿ ನಿಜವಾಗಿಯೂ ಇದ್ದಾಳೆಯೇ ಎಂದು ನನಗೆ ಆಗಲೂ ಒಂದು ಕ್ಷಣ ಅನ್ನಿಸಿತು. ಕೇಳಲಿಲ್ಲ. ಅಮ್ಮನ ಆರೋಗ್ಯ ಹೇಗಿದೆ ಎಂದು ಅವರು ಕೇಳಿದರು, ಚೆನ್ನಾಗಿದ್ದಾರೆ ಎಂದೆ.