ಲೆಕ್ಕ ಬಂತು ಕಣ್ರೇ

ಕೊಳ್ಳೇಗಾಲದ ನಮ್ಮ ಎದುರುಮನೆಯ ಆಶಾರಾಣಿ ಒಂದು ಕಡೆ ಕೂತವಳಲ್ಲ. ಸಂಜೆ ನಾನು ಜಗಲಿಯಲ್ಲಿ ಮಾದಪ್ಪನ ಪೂಜೆಗೆ ಹೂ ಕಟ್ಟುತ್ತಿದ್ದರೆ ಬರುತ್ತಾಳೆ. ಕೂರುತ್ತಾಳೆ, ಏಳುತ್ತಾಳೆ, ಬಿಡಿಹೂವನ್ನೆಲ್ಲ ಕೆದಕಿ ಮತ್ತೆ ಕೂರುತ್ತಾಳೆ. ಹೂಗ್ಯಂ ಕಡೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಕತ್ತಲಿರುವಾಗಲೇ ಬಸ್ಸು ಹಿಡಿದು, ಹನೂರು ದಾಟಿ ಕಾಡಂಚಿನವರೆಗೆ ಹೋಗಬೇಕು. ಕುಲುಕಾಟಕ್ಕೆ ಸೊಂಟ ಸೋತಿತ್ತು. ಈ ಸಲದ ವರ್ಗಾವಣೆ ಕೌನ್ಸೆಲಿಂಗಿನಲ್ಲಿ ಕೊಳ್ಳೇಗಾಲದಲ್ಲೇ ಜಾಗ ಸಿಗುವಂತಿತ್ತು. ಆದರೂ ನೆಮ್ಮದಿಯಿಲ್ಲ.

“ನಾನು ಬಿಟ್ಟು ಬಂದ್ರೆ ಆ ಮಕ್ಕಳಿಗೆ ಏನಾದ್ರೂ ಅನ್ನಿಸ್ತದಾ ಅಕ್ಕ?” ದಿನವೂ ಇದೇ ಪ್ರಶ್ನೆ. ನಾನು ಹೂ ಕಟ್ಟುತ್ತ ಕೇಳಿಸಿಕೊಳ್ಳುತ್ತಿದ್ದೆ.

ಕೌನ್ಸೆಲಿಂಗಿಗೆ ಸ್ವಲ್ಪ ಮುಂಚೆ ಮೈಸೂರಿನಿಂದ ದೀಪ ಎಂಬ ಹುಡುಗಿ ಶಾಲೆಗೆ ಬಂದಳಂತೆ. ಏಷ್ಯಾದ ಬೇರೆ ಬೇರೆ ದೇಶಗಳ ಮಕ್ಕಳಿಗೆ ಗಣಿತ, ವಿಜ್ಞಾನ ಎಷ್ಟು ಇಷ್ಟ ಎಂದು ಹೋಲಿಸಿ ನೋಡುವುದು ಅವಳ ಅಧ್ಯಯನ. ಕಲಿಸುವವರು ಎದುರಿಗಿರಬಾರದೆಂದು ಆಶಾರಾಣಿಯನ್ನು ಹೊರಗೆ ಕಳಿಸಿದಳು. ಇವಳು ವರಾಂಡದಲ್ಲಿ ಅತ್ತಿಂದಿತ್ತ ನಡೆದದ್ದೇ ನಡೆದದ್ದು.

ಹೊರಬಂದ ದೀಪ ಹುಬ್ಬು ಗಂಟಿಕ್ಕಿದ್ದಳು. “ಮೇಡಂ, ಜಪಾನು, ಕೊರಿಯಾದಲ್ಲಿ ಒಳ್ಳೆ ಅಂಕ ತೆಗೆಯೋ ಮಕ್ಕಳೇ ಎಷ್ಟೋ ಜನ ಇಷ್ಟ ಇಲ್ಲ ಅಂತಾರೆ. ನಿಮ್ಮ ಮಕ್ಕಳು ಒಬ್ಬರೂ ಬಿಡದೆ ಲೆಕ್ಕ ತುಂಬ ಇಷ್ಟ ಅಂತ ಕೈ ಎತ್ತಿದ್ರು. ಸೈನ್ಸಿಗೆ ಒಂದು ಕೈಯೂ ಇಲ್ಲ. ನೀವೇನಾದ್ರೂ ಹೇಳಿಕೊಟ್ಟಿದ್ರಾ?”

ಆಶಾರಾಣಿಗೆ ಮೈ ಉರಿಯಿತು. ನೇರ ಒಳಗೆ ನುಗ್ಗಿದಳು. “ಏನೇ ಸಿಂಧು, ಬೀಜಗಣಿತ ಅಂದ್ರೆ ಹೊಟ್ಟೆನೋವು ಅಂತ ಮನೆಗೆ ಓಡೋಳು ನೀನು. ನೀನೂ ಕೈ ಎತ್ತಿದ್ಯಾ?”

“ಅದು ಗಣಿತ ಅಲ್ವಾ ಮಿಸ್? ಈ ಅಕ್ಕ ಕೇಳಿದ್ದು ಲೆಕ್ಕ.”

“ಎರಡೂ ಒಂದೇ ಅಲ್ವೇನೇ?”

ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಸಿಂಧು ತಲೆ ತಗ್ಗಿಸಿದಳು. “ಲೆಕ್ಕ ಅಂದ್ರೆ ನೀವು ಮಿಸ್. ನೀವ್ ಬರೋದು ಕಂಡ್ರೆ ‘ಲೆಕ್ಕ ಬಂತು ಕಣ್ರೇ’ ಅಂತೀವಿ.”

ದೀಪಳಿಗೂ ನಗು ತಡೆಯಲಿಲ್ಲ. “ಹಾಗಾದ್ರೆ ಸೈನ್ಸು?”

“ಸೈನ್ಸು ವರ್ಗ ಆಗಿ ಓಯ್ತು ಅಕ್ಕ. ಬೇರೆ ಯಾರೂ ಬರ್ನೇ ಇಲ್ಲ.” ಆಮೇಲೆ ಸಣ್ಣ ದನಿಯಲ್ಲಿ, “ಲೆಕ್ಕನೂ ಓಯ್ತದಾ ಮಿಸ್?”

ದೀಪ ‘ಗಣಿತ’ ಎಂದು ಮತ್ತೆ ಕೇಳಿದಾಗ ಎದ್ದದ್ದು ಮೂರು ನಾಲ್ಕು ಕೈ.

ಆ ಸಂಜೆ ನನ್ನ ಜಗಲಿಯ ಮುಂದೆ ಆಶಾರಾಣಿ ಸಿಡಿಮಿಡಿಗುಟ್ಟುತ್ತ ಅಡ್ಡಾಡಿದಳು. “ನಾನು ಬೇಕು, ಗಣಿತ ಬೇಡ! ಇಷ್ಟು ವರ್ಷ ನಾನು ಕಲಿಸಿದ್ದಾದ್ರೂ ಏನಕ್ಕ?”

ಕೌನ್ಸೆಲಿಂಗಿನ ದಿನ ಹೋದಳು. ಹೆಸರು ಕೂಗಿದಾಗ, ತನ್ನ ಜಾಗಕ್ಕೆ ಯಾರು ಬರುತ್ತಾರೆಂದು ಕೇಳಿದಳಂತೆ. ಸದ್ಯಕ್ಕೆ ಯಾರೂ ಇಲ್ಲ ಎಂದರಂತೆ. ವರ್ಗಾವಣೆ ಬೇಡವೆಂದು ಬರೆದುಕೊಟ್ಟು ಬಂದಳು. ಬಂದಮೇಲಾದರೂ ಸಮಾಧಾನವೇ? “ತಪ್ಪು ಮಾಡಿದ್ನಾ ಅಕ್ಕ?” ಎಂದು ಹೂಬುಟ್ಟಿ ಕೆದಕಿದಳು. ಒಂದು ತುಂಡು ಮಲ್ಲಿಗೆ ಕತ್ತರಿಸಿ ಕೊಟ್ಟು, “ಬೆಳಗ್ಗೆ ಮುಡ್ಕೊ, ಮಾದಪ್ಪ ಅವ್ನೆ,” ಎಂದೆ.

ಮರುದಿನ ನಸುಕಿನಲ್ಲಿ ನಾನು ದೇವರ ದೀಪ ಹಚ್ಚುವ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು. ಆಶಾರಾಣಿ ಚೀಲ ಎಳೆದುಕೊಂಡು ಓಡುತ್ತಿದ್ದಳು. ಅವಳ ಶಾಲೆಯ ಮಕ್ಕಳನ್ನೂ ದಿನವೂ ಹತ್ತಿಸಿಕೊಳ್ಳುವ ಕಂಡಕ್ಟರ್ ಮಾದಸ್ವಾಮಿ ಬಾಗಿಲಲ್ಲಿ ನಿಂತು ಡ್ರೈವರಿಗೆ ಕೂಗಿದ:

“ತಡಿಯಣ್ಣೋ, ಲೆಕ್ಕ ಬತ್ತಾ ಅದೆ!”