ಕಂಬದ ಮೇಲಿನ ಲೈಬ್ರರಿ

ಅಮೆರಿಕದ ಡ್ಯಾನ್‌ವಿಲ್‌ನಲ್ಲಿ ಮಗಳ ಜೊತೆ ವಾಕಿಂಗ್ ಹೋಗಿದ್ದಾಗ ಒಂದು ಮನೆಯ ಮುಂದೆ, ಕಂಬದ ಮೇಲೆ, ಗಾಜಿನ ಬಾಗಿಲಿನ ಪುಟ್ಟ ಪೆಟ್ಟಿಗೆ ಕಂಡಿತು. ಒಳಗೆ ಪುಸ್ತಕಗಳು. ಯಾರು ಬೇಕಾದರೂ ಒಯ್ಯಬಹುದಂತೆ. ಒಂದನ್ನು ಆರಿಸಿಕೊಂಡು ಆ ಮನೆಯ ಬೆಲ್ ಒತ್ತಲು ಹೊರಟೆ.

"ಅಮ್ಮಾ, ಪ್ಲೀಸ್! ಇಲ್ಲಿ ಯಾರೂ ಕೇಳಲ್ಲ, ಸುಮ್ನೆ ತಗೊಂಡು ಬಾ," ಎಂದಳು ಮಗಳು.

"ಕೇಳದೆ ಒಯ್ಯೋದಕ್ಕೆ ಬೇರೆ ಹೆಸರಿದೆ," ಎಂದು ಒತ್ತಿಯೇ ಬಿಟ್ಟೆ.

ಬಾಗಿಲು ತೆರೆದ ಅಜ್ಜ, "ಧಾರಾಳವಾಗಿ ಒಯ್ಯಿರಿ," ಎಂದರು.

"ನನ್ನ ಹೆಸರು ಬರೆದುಕೊಳ್ಳಿ," ಎಂದೆ.

"ಅದೆಲ್ಲ ಬೇಕಿಲ್ಲ."

"ನನಗೆ ಬೇಕು."

ಮಗಳು ರಸ್ತೆಯ ಆಚೆ ಹೋಗಿ ಯಾವುದೋ ಮರ ನೋಡುತ್ತಾ ನಿಂತಳು.

ನಾನು ಹುಡುಗಿಯಾಗಿದ್ದಾಗ ನಮ್ಮೂರ ಲೈಬ್ರರಿಯಿಂದ ಪುಸ್ತಕ ಮನೆಗೆ ತರಲು ಸರ್ಕಾರಿ ನೌಕರರೊಬ್ಬರ ಜಾಮೀನು ಸಹಿ ಬೇಕಿತ್ತು. ಶಾಲೆ ಬಿಟ್ಟು ಹೊಲಿಗೆಗೆ ಕೂತ ಹುಡುಗಿಗೆ ಯಾರೂ ಸಹಿ ಹಾಕಲಿಲ್ಲ. ಅಲ್ಲೇ ಬೆಂಚಿನ ತುದಿಯಲ್ಲಿ ಕೂತು, ಬಾಗಿಲು ಹಾಕುವವರೆಗೂ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಆ ಹಳೆಯ ಕಾಗದದ ವಾಸನೆ, ಫ್ಯಾನಿನ ಗರಗರ ಸದ್ದು ಈಗಲೂ ಬೇಕೆನಿಸುತ್ತದೆ. ಆದರೆ ಆ ಉದ್ದನೆಯ ರಿಜಿಸ್ಟರಿನಲ್ಲಿ ನನ್ನ ಹೆಸರು ಏರಲೇ ಇಲ್ಲ.

ಇಷ್ಟನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜ ಒಳಗಿನಿಂದ ಹೊಸ ನೋಟ್‌ಬುಕ್ ತಂದು, ಎರಡು ಸಲ ಕೇಳಿ ನನ್ನ ಹೆಸರು ಬರೆದರು.

"ಜಾಮೀನು?" ಎಂದೆ.

ಪಕ್ಕದಲ್ಲಿ ತಾವೇ ಸಹಿ ಹಾಕಿದರು.

ಮುಂದಿನ ವಾರ ಪುಸ್ತಕ ಬದಲಿಸಲು ಹೋದಾಗ ನೋಟ್‌ಬುಕ್ ತರಿಸಿ ನೋಡಿದೆ. ಬೇರೆ ಒಂದು ಹೆಸರೂ ಇರಲಿಲ್ಲ. ಉಳಿದವರೆಲ್ಲ ಬರೀ ಓದುಗರು. ಆ ಲೈಬ್ರರಿಗೆ ಸದಸ್ಯೆ ಎಂದರೆ ನಾನೊಬ್ಬಳೇ.