ಅಕ್ಕನ ನೀಲಿ ನೋಟ್‌ಬುಕ್ಕು

ತಮಿಳು ಸೀಮೆಯ ಗೂಡಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಅರವತ್ತು ದಾಟಿದ ಗಂಡಸೊಬ್ಬ, ಎದುರಿಗೇ ಬೋರ್ಡು ಕಾಣುತ್ತಿದ್ದರೂ, ಈ ಬಸ್ಸು ಎಲ್ಲಿಗೆ ಹೋಗುತ್ತದೆಂದು ಪಕ್ಕದ ಹೆಂಗಸನ್ನು ಕೇಳುತ್ತಿದ್ದರೆ, ಅವನ ಕಣ್ಣಿಗೆ ಪೊರೆ ಬಂದಿದೆಯೆಂದು ನೀವು ಮರುಗಬೇಕಾಗಿಲ್ಲ. ಅದು ನಾನೇ ಇದ್ದೇನು. ಇಲ್ಲೇ ಹುಟ್ಟಿ, ತಮಿಳಿನಲ್ಲೇ ಮೆಣಸಿನ ವ್ಯಾಪಾರ ಮಾಡಿ, ತಮಿಳಿನಲ್ಲೇ ಜಗಳವಾಡಿ, ಅದರ ಒಂದಕ್ಷರವನ್ನೂ ಓದಲಾರದ ಕನ್ನಡ ಸಾಹಿತಿ ನಾನು.

ಇದಕ್ಕೆ ನಮ್ಮ ಮನೆಯ ಪದ್ಧತಿ ಕಾರಣ. ಮೈಸೂರು ಸೀಮೆಯಿಂದ ಬಂದ ನಮ್ಮ ಹಿರಿಯರು ಗಂಡುಮಕ್ಕಳನ್ನು ಕಾಡು ದಾಟಿಸಿ ಗುಂಡ್ಲುಪೇಟೆಯ ಹಾಸ್ಟೆಲ್ಲಿಗೆ ಕನ್ನಡ ಕಲಿಯಲು ಕಳಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಮನೆ ಹತ್ತಿರದ ತಮಿಳು ಶಾಲೆಯೇ ಸಾಕೆನ್ನುತ್ತಿದ್ದರು. ಹೀಗೆ ಒಂದೇ ಒಲೆಯ ಮುಂದೆ ಒಂದೇ ಮಾತಾಡಿ ಬೆಳೆದ ನಾನೂ ನನ್ನ ಗೌರಕ್ಕನೂ ಎರಡು ಲಿಪಿಗಳ ಪ್ರಜೆಗಳಾದೆವು. ನಾನು ಪ್ರಬಂಧ ಬರೆದೆ. ಅವಳು ತಮಿಳು ವಾರಪತ್ರಿಕೆಗಳ ಧಾರಾವಾಹಿ ಓದಿದಳು. ಅದನ್ನು ಹೆಂಗಸರ ಓದು ಎಂದು ನಾನು ಗೇಲಿ ಮಾಡಿದೆ. ಒಮ್ಮೆ ಇಲ್ಲಿನ ಕನ್ನಡಿಗರ ಸಭೆಯಲ್ಲಿ, ನಮ್ಮ ಸ್ತ್ರೀಯರಿಗೆ ಲೇಖನಾಸಕ್ತಿ ಏಕಿಲ್ಲವೆಂದು ಮುಕ್ಕಾಲು ಗಂಟೆ ವ್ಯಥೆಪಟ್ಟೆ. ಮುಂದಿನ ಸಾಲಿನಲ್ಲಿದ್ದ ಅಕ್ಕ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದಳು, ಪಾಪ.

ವಾರದ ಮೇಲೆ ಹತ್ತಿರದ ದೇವಾಲವೆಂಬ ಊರಿನ ತನ್ನ ಮನೆಯಿಂದ ಬಂದವಳು ನೀಲಿ ರಟ್ಟಿನ ಹಳೆಯ ನೋಟ್‌ಬುಕ್ಕೊಂದನ್ನು ಮೇಜಿನ ಮೇಲಿಟ್ಟು, "ಬಿಡುವಾದಾಗ ವಸಿ ನೋಡಪ್ಪ" ಅಂದಳು. ತೆರೆದೆ, ತಮಿಳಕ್ಷರ. ಯಾವುದೋ ಧಾರಾವಾಹಿಯನ್ನು ನಕಲು ಮಾಡಿದ್ದಾಳೆಂದುಕೊಂಡು ಕಪಾಟಿಗೆ ಸೇರಿಸಿದೆ. ಮೂರು ವರ್ಷ ಅದು ಅಲ್ಲೇ ಇತ್ತು. ಬಂದಾಗಲೆಲ್ಲ ಅಕ್ಕ ಕಪಾಟಿನತ್ತ ಒಮ್ಮೆ ನೋಡುತ್ತಿದ್ದಳು, ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಧೂಳು ನೋಡುತ್ತಿದ್ದಾಳೆಂದು ಭಾವಿಸಿದ ಮಹಾನುಭಾವ ನಾನು. ಕಳೆದ ಆಷಾಢದಲ್ಲಿ ಅವಳು ತೀರಿಕೊಂಡಳು.

ತಿಥಿ ಮುಗಿದ ಮೇಲೆ ನಮ್ಮ ಮನೆಗೆ ಬಂದ, ದೂರದ ಊರಿಗೆ ಕೊಟ್ಟಿದ್ದ ಅವಳ ಮಗಳು ಸುಮತಿ ಆ ನೋಟ್‌ಬುಕ್ಕು ತೆಗೆದು, ಎರಡು ಸಾಲು ಓದಿ ನನ್ನ ಮುಖ ನೋಡಿದಳು.

"ಮಾವ, ಇದು ತಮಿಳಲ್ಲ. ಅವ್ವ ನಮ್ ಮಾತ್ನೇ ಬರ್ದವ್ಳೆ."

ತಮಿಳಕ್ಷರದಲ್ಲಿ ಕನ್ನಡ! ಶಾಲೆಯ ದಾರಿಯಲ್ಲಿ ಕಾಲಿಗೆ ಹತ್ತುತ್ತಿದ್ದ ಜಿಗಣೆ, ಅವ್ವನ ಬೆಲ್ಲದ ಕಾಫಿ, ಎಲ್ಲವೂ ಇತ್ತು. ಅಪ್ಪನ ಗಂಭೀರ ಮೌನದ ಬಗ್ಗೆ ನಾನೊಂದು ಪ್ರಬಂಧವನ್ನೇ ಬರೆದಿದ್ದೆ; ಆ ಮೌನಕ್ಕೆ ಅವ್ವ ಎಷ್ಟು ಹೆದರುತ್ತಿದ್ದಳೆಂಬುದು ಅಕ್ಕನ ನೋಟ್‌ಬುಕ್ಕಿನಲ್ಲಿತ್ತು. ಸುಮತಿ ಪುಟ ತಿರುವಿ ಓದಿದಳು: "ತಮ್ಮ ರಜಕ್ಕೆ ಬಂದವ್ನೆ. ಕನ್ನಡದಕ್ಷರ ಕಲ್ಸು ಅಂತ ಕೇಳ್ಬೇಕು. ನಗ್ತಾನೇನೋ." ಅಲ್ಲಿಗೆ ನೋಟ್‌ಬುಕ್ಕು ಮುಚ್ಚಿದಳು. ಮಿಕ್ಕಿದ್ದನ್ನು ನೀವೇ ಓದಿಕೊಳ್ಳಿ ಮಾವ ಎಂದು ನನ್ನ ಕೈಗಿಟ್ಟು ಹೋದಳು.

ಅಕ್ಕ ಕೇಳಿದ್ದರೆ ನಾನು ನಗುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತು, ಅದಕ್ಕೇ ನಿದ್ದೆ ಹತ್ತುವುದಿಲ್ಲ. ಒಂದು ಬೇಸಿಗೆ ರಜೆ ಸಾಕಾಗುತ್ತಿತ್ತು.

ಈಗ ಬಸ್ಸಿನ ಬೋರ್ಡುಗಳೇ ನನ್ನ ಬಾಲಬೋಧೆ. ನಿನ್ನೆ ಯಾರನ್ನೂ ಕೇಳದೆ, ಅಕ್ಷರಕ್ಕೆ ಅಕ್ಷರ ಕೂಡಿಸಿ, 'ದೇವಾಲ' ಎಂದು ಓದಿದೆ. ಹತ್ತುವುದಿಲ್ಲವೇ ಎಂದು ಪಕ್ಕದ ಹೆಂಗಸು ಕೇಳಿದರು. ಇಲ್ಲಮ್ಮ, ಸುಮ್ಮನೆ ಓದಿದೆ, ಅಲ್ಲಿ ನನಗೀಗ ಯಾರೂ ಇಲ್ಲ ಎಂದೆ.